ಬಾಗಿಲಿಗೆ ಉರುಟು ತೋರಣ: ಮಳೆ ಹವೆಯಲ್ಲೂ ಉಳಿಯಬೇಕಾದರೆ ಯಾವುದರಿಂದ ಮಾಡುವುದು?

ಅಂಗಳದಗೊಂಡೆ, ಬದಿಯಡ್ಕ
ಮುಂಬಾಗಿಲಿಗೆ ತೂಗಹಾಕುವ ಉರುಟು ತೋರಣ, ಅಂಗಡಿಯವರು ಡೋರ್ ರೀತ್ ಅನ್ನುತ್ತಾರಲ್ಲ, ಅದನ್ನು ಮನೆಯಲ್ಲೇ ಮಾಡಬೇಕು. ಓಣಂಗೆ ಹಾಕಿದ್ದು ದೀಪಾವಳಿವರೆಗೆ ಇರಬೇಕು, ಖರ್ಚು 150 ರೂಪಾಯಿ ದಾಟಬಾರದು. ಅಡಿಕೆ ಹಾಳೆ, ಗೋಣಿ ಬೇಕಾದಷ್ಟಿದೆ. ರಟ್ಟಿನ ಬಳೆ ತಂಡಿಗೆ ಮೆತ್ತಗಾಗಿ ಜೋಲುತ್ತದೆ. ಬದಲಿಗೆ ಏನು? ಬಾಗಿಲು ಎರಡು ಪಾಲಿನದು, ಮೊಳೆ ಹೊಡೆಯುವ ಹಾಗಿಲ್ಲ.

ಸೋಗೆಮಾಡು
ತೋಟದಲ್ಲಿ ಉಳಿದ 16 ಎಂಎಂ ಡ್ರಿಪ್ ಪೈಪ್ (ಹನಿ ನೀರಾವರಿಯ ಕರಿ ಪೈಪ್) ಇದೆಯಾ ನೋಡಿ. ಅದಕ್ಕಿಂತ ಒಳ್ಳೆಯ ಬಳೆ ದುಡ್ಡು ಕೊಟ್ಟರೂ ಸಿಗುವುದಿಲ್ಲ. ನೀರು ಕುಡಿಯುವುದಿಲ್ಲ, ಹುಳ ಹಿಡಿಯುವುದಿಲ್ಲ.

ಮೊದಲು ಬಾಗಿಲಿನ ಒಂದು ಪಾಲಿನ ಅಗಲ ಅಳೆಯಿರಿ. 45 ಸೆಂ.ಮೀ. ಇದ್ದರೆ ಬಳೆಯ ವ್ಯಾಸ 28 ಸಾಕು, ದೊಡ್ಡದಾದರೆ ಚಿಲಕಕ್ಕೆ ತಾಗುತ್ತದೆ. 28ಕ್ಕೆ 88 ಸೆಂ.ಮೀ. ಪೈಪ್ ಬೇಕು (ವ್ಯಾಸವನ್ನು 3.14ರಿಂದ ಗುಣಿಸಿ). ಸುರುಳಿ ಇದ್ದ ದಿಕ್ಕಿಗೇ ಬಗ್ಗಿಸಿ, ವಿರುದ್ಧ ಬಗ್ಗಿಸಿದರೆ ಮಡಿಕೆ ಬಿದ್ದು ಬಳೆ ಮೊಟ್ಟೆಯಾಕಾರಕ್ಕೆ ಹೋಗುತ್ತದೆ. ಎರಡೂ ತುದಿಗಳನ್ನು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಮೆತ್ತಗಾದ ಕೂಡಲೇ ಜಾಯಿಂಟರ್‌ಗೆ (ಪೈಪಿನ ಎರಡು ತುದಿ ಜೋಡಿಸುವ ತುಂಡು) ತುರುಕಿ. ಜಾಯಿಂಟ್ ಇರುವ ಕಡೆ ಬಳೆ ಸ್ವಲ್ಪ ಚಪ್ಪಟೆ ಕಾಣುತ್ತದೆ. ಅದು ಕೆಳಗೆ ಬರಲಿ, ಹೂವು ಮುಚ್ಚಿಕೊಳ್ಳುತ್ತದೆ.

ಪೈಪಿಗೆ ನೇರ ಅಂಟು ಹಾಕಬೇಡಿ. ಪಾಲಿಥೀನ್ ಅಂಟನ್ನು ಹಿಡಿದುಕೊಳ್ಳುವುದಿಲ್ಲ, ಇವತ್ತು ಕೂತದ್ದು ನಾಳೆ ಎದ್ದು ಬರುತ್ತದೆ. 5 ಸೆಂ.ಮೀ. ಅಗಲದ ಗೋಣಿ ಪಟ್ಟಿಯನ್ನು ಓರೆಯಾಗಿ ಸುತ್ತಿ, ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚಲಿ. ಸುಮಾರು ಎರಡೂಕಾಲು ಮೀಟರ್ ಪಟ್ಟಿ ಬೇಕಾಗುತ್ತದೆ. ಶುರು ಮತ್ತು ಕೊನೆಯನ್ನು ದಬ್ಬಣದಿಂದ ಹೊಲಿಯಿರಿ. ಇನ್ನು ಮೇಲಿನದೆಲ್ಲ ಗೋಣಿಗೇ ಹಿಡಿಯುತ್ತದೆ.

ಹಾಳೆಮುಟ್ಟಾಳೆ
ಹೂವಿಗೆ ಒಂದು ಹಾಳೆ ಧಾರಾಳ. ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಒರೆಸಿ, ಎಸಳನ್ನು ನಾರಿನ ಉದ್ದಕ್ಕೇ ಕತ್ತರಿಸಿ. ಅಡ್ಡ ಕತ್ತರಿಸಿದರೆ ಬಗ್ಗಿಸುವಾಗ ಸೀಳುತ್ತದೆ. ಒಂದು ಹೂವಿಗೆ 5 × 2.5 ಸೆಂ.ಮೀ.ನ 6 ಎಸಳು, ಒಳಸುತ್ತಿಗೆ 3.5 × 2ರ 5. ಬುಡದಲ್ಲಿ ತೂತು ಮಾಡಿ ದಾರ ಪೋಣಿಸಿ ಬಿಗಿಯಿರಿ, ಒದ್ದೆ ಇರುವಾಗಲೇ ಎಸಳು ಅರಳಿಸಿ. ನಡುವಿಗೆ ಅಡಿಕೆ ಸಿಪ್ಪೆಯ ನಾರಿನ ಉಂಡೆ ಸಾಕು, ಈಗಿನ ರೇಟಿಗೆ ಅಡಿಕೆಯನ್ನೇ ಅಂಟಿಸುವುದು ಬೇಡ ಮಾರಾಯ್ರೆ! ಗುಲಗಂಜಿ ಚಂದ ಕಾಣುತ್ತದೆ, ಆದರೆ ಬೀಜ ವಿಷ. ಮಕ್ಕಳಿರುವ ಮನೆಗೆ ಬೇಡ.

ಮೂರು ಹೂವು, ಬಳೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ. ಸುತ್ತ ತುಂಬಿಸಿದರೆ ಗಿಜಿಗಿಜಿ. ಒಂದೇ ಬದಿಗೆ ಹಾಕಿದರೆ ಭಾರಕ್ಕೆ ಬಳೆ ತಿರುಗಿ ಹೂವು ಕೆಳಗೇ ಬರುತ್ತದೆ.

ಅಂಗಳದಗೊಂಡೆ
ಹಾಳೆಗೆ ಬೂಷ್ಟು ಬರುತ್ತದಲ್ಲ? ವಾರ್ನಿಷ್ ಹೊಡೆದರೆ ನಿಲ್ಲುತ್ತದಾ? ಅಂಟು ಯಾವುದು?

ಹಾಳೆಮುಟ್ಟಾಳೆ
ವಾರ್ನಿಷ್‌ನಿಂದ ಬೂಷ್ಟು ನಿಲ್ಲುವುದು ಹಾಳೆ ಪೂರ್ತಿ ಒಣಗಿದ್ದರೆ ಮಾತ್ರ. ಹಸಿ ಇರುವಾಗ ಹೊಡೆದರೆ ತೇವ ಒಳಗೇ ಉಳಿದು ಕಪ್ಪು ಚುಕ್ಕೆ ಏಳುತ್ತದೆ. ಬಿಸಿಲಿಲ್ಲದಿದ್ದರೆ ಒಲೆಯ ಮೇಲಿನ ಅಟ್ಟದಲ್ಲಿಡಿ. ಎಸಳು ಬಗ್ಗಿಸಿದರೆ ಟಕ್ಕೆಂದು ಮುರಿಯಬೇಕು, ಮಣಿಯುತ್ತಿದ್ದರೆ ಇನ್ನೂ ಒಣಗಿಲ್ಲ. ಪರೀಕ್ಷೆಗೆಂದೇ ಒಂದೆರಡು ಹೆಚ್ಚು ಕತ್ತರಿಸಿಡಿ. ವಾರ್ನಿಷ್ ತೆಳ್ಳಗೆ, ಎರಡೂ ಮುಖಕ್ಕೆ, ಕತ್ತರಿಸಿದ ಅಂಚಿಗೂ. ಒಂದೇ ಮುಖಕ್ಕೆ ಹೊಡೆದರೆ ಇನ್ನೊಂದು ತೇವ ಎಳೆದು ಎಸಳು ಸೊಟ್ಟಗಾಗುತ್ತದೆ.

ಮರಕ್ಕೆ ಹಾಕುವ ಬಿಳಿ ಅಂಟು ನೀರು ತಾಗಿದರೆ ಮೆತ್ತಗಾಗುತ್ತದೆ. ಬಾಗಿಲು ಪಡುವಣಕ್ಕಿದ್ದರೆ ಗ್ಲೂ ಗನ್‌ನದ್ದೂ ಸಂಜೆ ಬಿಸಿಲಿಗೆ ಬಿಡುತ್ತದೆ. ಹೂವನ್ನು ಗೋಣಿಗೆ ದಾರದಲ್ಲೇ ಹೊಲಿಯಿರಿ, ಅಂಟು ನಡುವಿನ ಉಂಡೆಗೆ ಮಾತ್ರ ಇರಲಿ.

ಕುಂಬಳೆ ಕರೆ
ಹಬ್ಬದ ಒಂದೇ ದಿನಕ್ಕಾದರೆ ಇಷ್ಟೆಲ್ಲ ಬೇಡ. ಬೈಹುಲ್ಲನ್ನು ಹೆಬ್ಬೆರಳು ದಪ್ಪಕ್ಕೆ ಹಿಡಿದು, ಬಾಳೆನಾರಿನಲ್ಲಿ ಬಿಗಿದು ಬಳೆ ಮಾಡಿ, ಗೊಂಡೆ ಹೂವು, ಕೇಪುಳದ ಕೆಂಪು ಹೂವು, ಮಾವಿನೆಲೆಯನ್ನು ಹಿಡಿಸೂಡಿ ಕಡ್ಡಿಯಿಂದ ಚುಚ್ಚಿ. ದನ ಬರುವ ಅಂಗಳವಾದರೆ ಎತ್ತರಕ್ಕೆ ಕಟ್ಟಿ, ಹೂವಿನ ಸಮೇತ ಹೋಗುತ್ತದೆ. ತೆಂಗಿನ ಸಿರಿ (ಎಳೆ ಗರಿ) ಬೇಕೆಂದು ಫಲ ಕೊಡುವ ಮರದ ಸುಳಿಗೆ ಕತ್ತಿ ಹಾಕಬೇಡಿ. ಗಾಯವಾದಲ್ಲಿ ಕೆಂಪು ಮೂತಿಹುಳ ಮೊಟ್ಟೆ ಇಡುತ್ತದೆ.

ಸೋಗೆಮಾಡು
ತೂಗಹಾಕುವುದು ಬಾಕಿ ಉಳಿಯಿತು. ಬಳೆಯ ಮೇಲ್ಭಾಗದಲ್ಲಿ ನಾಲ್ಕು ಬೆರಳು ಅಂತರ ಬಿಟ್ಟು ಎರಡು ಕಡೆ ದಾರ ಕಟ್ಟಿ, ಒಂದೇ ಕಡೆ ಕಟ್ಟಿದರೆ ತಿರುಗುತ್ತದೆ. ಎರಡನ್ನೂ 2 ಸೆಂ.ಮೀ. ಅಗಲದ ತೆಳು ರಿಬ್ಬನ್‌ಗೆ ಸೇರಿಸಿ ಬಾಗಿಲಿನ ಮೇಲಂಚು ದಾಟಿಸಿ, ಒಳಬದಿಯಲ್ಲಿ ಬೋಲ್ಟಿಗೆ ಕಟ್ಟಿ. ಮಳೆಗೆ ಮರ ಉಬ್ಬಿ ಬಾಗಿಲು ದಾರಂದಕ್ಕೆ (ಬಾಗಿಲಿನ ಚೌಕಟ್ಟಿಗೆ) ಉಜ್ಜುತ್ತಿದ್ದರೆ ರಿಬ್ಬನ್ ಹರಿಯುತ್ತದೆ, ಆಗ ದಾರಂದದಲ್ಲೇ ತೋರಣ ಕಟ್ಟುವ ಹಳೆ ಕೊಕ್ಕೆ ಇರುತ್ತದಲ್ಲ, ಅದರಿಂದ ಇಳಿಬಿಡಿ. ಗಾಳಿಗೆ ಬಡಿದು ಪಾಲಿಶ್ ಗೀರದಂತೆ ಬಳೆಯ ಹಿಂದೆ ಎರಡು ತುಂಡು ಹಳೆ ಬಟ್ಟೆ ಹೊಲಿದುಬಿಡಿ.