ಸಹಾಯ ಬೇಕು: ಥೈರಾಯ್ಡ್‌ಗೆ ಕೋಸು ಬಿಡಬೇಕಾ, ಕಾಫಿ ಬಿಡಬೇಕಾ?

ಎಲ್ಲರಿಗೂ ನಮಸ್ಕಾರ. ನನಗೆ 38, ಊರು ಸಾಗರದ ಹತ್ತಿರ. ರಕ್ತಪರೀಕ್ಷೆಲಿ ಟಿಎಸ್‌ಎಚ್ (ಥೈರಾಯ್ಡನ್ನ ಕೆಲಸಕ್ಕೆ ಹಚ್ಚೋ ಹಾರ್ಮೋನು) 11 ಬಂದಿದೆ, ಆಂಟಿ ಟಿಪಿಒ (ಥೈರಾಯ್ಡ್ ವಿರುದ್ಧದ ಪ್ರತಿಕಾಯ) ಕೂಡ ಜಾಸ್ತಿ. ನಮ್ಮ ದೇಹವೇ ಥೈರಾಯ್ಡ್ ಗ್ರಂಥಿನ ಹಾಳು ಮಾಡ್ತಿದೆ, ಹಾಶಿಮೊಟೊ ಅಂದ್ರು ಡಾಕ್ಟರು. 50 ಮೈಕ್ರೋಗ್ರಾಂ ಥೈರಾಯ್ಡ್ ಮಾತ್ರೆ ಶುರುವಾಗಿದೆ.

ಅತ್ತೆ ಎಲೆಕೋಸು ಮನೆಗೇ ತರಬೇಡ ಅಂತಾರೆ. ಬೇಯಿಸಿ ಹಿತಮಿತವಾಗಿ ತಿಂದ್ರೆ ಏನಾಗಲ್ಲ ಅಂತ ಡಾಕ್ಟರು. ನಮ್ಮನೇಲಿ ಮೊದಲಿಂದ ಭರಣಿಯ ಕಲ್ಲುಪ್ಪೇ, ಅಯೋಡಿನ್ ಇಲ್ಲದ್ದು. ಹಾಶಿಮೊಟೊ ಇದ್ದೋರು ಉಪ್ಪು ಬದಲಾಯಿಸಿದ್ರಾ?

ನಿಜವಾದ ಕಷ್ಟ ಕಾಫಿದು. ಮಾತ್ರೆ ನುಂಗಿ 1 ಗಂಟೆ ಕಾಯ್ಬೇಕು; ಹಾಲು ಕರೆದು ಒಳಗೆ ಬಂದ್ರೆ ಡಿಕಾಕ್ಷನ್ ಘಮ ಮೂಗಿಗೇ ಹೊಡಿಯತ್ತೆ! ಕಬ್ಬಿಣದ ಮಾತ್ರೆಗೆ 4 ಗಂಟೆ ಅಂತರ ಬೇರೆ. ರಾತ್ರಿ ಥೈರಾಯ್ಡ್ ಮಾತ್ರೆ ತಗೊಳ್ಳೋರು ಯಾರಾದ್ರೂ ಇದ್ದೀರಾ? ಊಟ ಆಗಿ ಎಷ್ಟು ಹೊತ್ತು ಬಿಡ್ತೀರಿ? ಮುಂದಿನ ಸಲ ಡಾಕ್ಟರ ಹತ್ರ ಕೇಳೋಣ ಅಂತಿದ್ದೀನಿ.