ಸಹಾಯ ಬೇಕು: ಪವರ್ ಪ್ರೆಸ್ ಆಪರೇಟರ್‌ಗಳ ಸುರಕ್ಷತಾ ತರಬೇತಿಗೆ

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಶೀಟ್ ಮೆಟಲ್ ಶೆಡ್‌ಗೆ ಲೋಹದ ಹಾಳೆ ಒತ್ತಿ ಕತ್ತರಿಸುವ ಪವರ್ ಪ್ರೆಸ್ ನಡೆಸುವವರ ತರಬೇತಿ ರೂಪಿಸುತ್ತಿದ್ದೇವೆ. ಅರ್ಧ ಜನ ರಾಯಚೂರು, ಕಲಬುರಗಿ ಕಡೆಯವರು, ಉಳಿದವರು ಒಡಿಶಾ, ಬಿಹಾರದವರು. ಓದು ಬರದವರೂ ಇದ್ದಾರೆ. ಹಾಗಾಗಿ ಎರಡು ಗಂಟೆಯ ಸ್ಲೈಡ್ ಭಾಷಣ ಬೇಡ. ಶಿಫ್ಟ್ ಶುರುವಿನಲ್ಲಿ 15 ನಿಮಿಷ, ಮೆಷಿನ್ ಪಕ್ಕದಲ್ಲೇ, ಆರಾರು ಜನಕ್ಕೆ, ಅವರವರ ಭಾಷೆಯಲ್ಲಿ.

ಬೆರಳು ಹೋಗುವ ಅಪಾಯ ಹೆಚ್ಚಿರುವುದು ಸಿಕ್ಕಿಬಿದ್ದ ಪೀಸ್ ತೆಗೆಯುವಾಗ, ಡೈ (ಅಚ್ಚು) ಬದಲಿಸುವಾಗ. ಮೋಟರ್ ಆಫ್ ಆದರೂ ಫ್ಲೈವೀಲ್ (ಪ್ರೆಸ್ ನಡೆಸುವ ಭಾರದ ಚಕ್ರ) ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ; ಕೀ ಕ್ಲಚ್ (ಒಮ್ಮೆ ಹಿಡಿದರೆ ಪೂರ್ತಿ ಸುತ್ತು ಮುಗಿಯುವವರೆಗೆ ಬಿಡದ ಕ್ಲಚ್) ಪ್ರೆಸ್‌ನಲ್ಲಿ ಆಗ ಪೆಡಲ್‌ಗೆ ಕಾಲು ತಗುಲಿದರೂ ಮೇಲಿನಿಂದ ಬಂದು ಪೀಸ್ ಒತ್ತುವ ರ‍್ಯಾಮ್ ಇಳಿಯುತ್ತದೆ, ನಡುವೆ ನಿಲ್ಲಿಸಲಾಗದು. ಆದ್ದರಿಂದ ಮೊದಲ ಪಾಠ ಇದೇ: ಮೋಟರ್ ಆಫ್, ಫ್ಲೈವೀಲ್ ನಿಲ್ಲುವವರೆಗೆ ಕಾಯುವುದು, ಕರೆಂಟ್ ಪೂರ್ತಿ ಕಡಿಯುವ ಸ್ವಿಚ್ಚಾದ ಐಸೊಲೇಟರ್‌ಗೆ ಬೀಗ, ಕೀಲಿ ತನ್ನ ಜೇಬಿಗೆ, ರ‍್ಯಾಮ್ ಕೆಳಗೆ ಅದು ಇಳಿಯದಂತೆ ತಡೆಯುವ ಸೇಫ್ಟಿ ಬ್ಲಾಕ್, ಆಮೇಲೆ ಕೈ. ಪ್ರತಿಯೊಬ್ಬರೂ ಮಾಡಿ ತೋರಿಸಬೇಕು. ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿಕೊಂಡರೆ ತರಬೇತಿ ಆದಂತಲ್ಲ.

ತೊಡಕಿರುವುದು, ಕೈ ಹೊರಗಿರಲೆಂದು ಎರಡೂ ಕೈಯಿಂದ ಒಟ್ಟಿಗೆ ಒತ್ತಬೇಕಾದ ಎರಡು ಕೈ ಬಟನ್‌ನಲ್ಲಿ. ಪೀಸ್ ರೇಟ್ (ಪೀಸ್ ಲೆಕ್ಕದ ಕೂಲಿ) ಕೆಲಸವಾದ್ದರಿಂದ ಒಂದು ಬಟನ್‌ಗೆ ಅದು ಒತ್ತಿದಂತೆಯೇ ಇರಲೆಂದು ಟೇಪ್ ಸುತ್ತಿಬಿಡುತ್ತಾರೆ. ಬೈದರೆ ಸೂಪರ್‌ವೈಸರ್ ಕಣ್ಣೆದುರಿಗೆ ಮಾತ್ರ ಬಿಚ್ಚುತ್ತಾರೆ. ಪ್ರತಿ ಸ್ಟ್ರೋಕ್‌ಗೂ ಎರಡೂ ಬಟನ್‌ನಿಂದ ಕೈ ತೆಗೆದು ಮತ್ತೆ ಒತ್ತಲೇಬೇಕಾದಂಥ ರಿಲೇಯನ್ನು (ವಿದ್ಯುತ್ ನಿಯಂತ್ರಣ ಸಾಧನ) ಹಳೆಯ ಏರ್ ಕ್ಲಚ್ (ಗಾಳಿ ಒತ್ತಡದಿಂದ ನಡೆಯುವ ಕ್ಲಚ್) ಪ್ರೆಸ್‌ಗೆ ಹಾಕಿಸಿದವರಿದ್ದರೆ ವೈರಿಂಗ್ ಹೇಗೆ ಮಾಡಿಸಿದಿರಿ ತಿಳಿಸಿ. ಒಡಿಯಾ, ಹಿಂದಿಯಲ್ಲಿ ಚಿತ್ರದ ಕಾರ್ಡ್‌ಗಳಿದ್ದರೆ ದಯವಿಟ್ಟು ಹಂಚಿಕೊಳ್ಳಿ. ಹೆಲ್ಮೆಟ್ ಪೋಸ್ಟರ್ ಸಾಕಷ್ಟಿವೆ, ಅವು ಬೇಡ.