ಕುರ್ಟ್ ಗೆರೋನ್ ಅವರನ್ನು ಯಾವುದರಿಂದ ನೆನೆಯಬೇಕು?

ಪ್ರಶ್ನೆ:
'ಬ್ಲೂ ಏಂಜೆಲ್' (1930) ಚಿತ್ರದಲ್ಲಿ ಜಾದೂಗಾರ ಕೀಪರ್ಟ್‌ನ ಪಾತ್ರ ವಹಿಸಿದ ಸ್ಥೂಲಕಾಯದ ಜರ್ಮನ್ ನಟ ಕುರ್ಟ್ ಗೆರೋನ್ ಅವರ ಬಗ್ಗೆ ಓದುತ್ತಿದ್ದೆ. ಯಹೂದಿಯಾಗಿದ್ದ ಇವರೇ 1944ರಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಟೆರೇಸಿಯನ್‌ಸ್ಟಾಟ್ ಶಿಬಿರದ ಬದುಕನ್ನು ಸುಖವೆಂದು ತೋರಿಸುವ ನಾಜಿ ಪ್ರಚಾರಚಿತ್ರವನ್ನು ನಿರ್ದೇಶಿಸಿದರೆಂದು ತಿಳಿದು ಮನಸ್ಸು ಕಲಕಿತು. ಆ ಚಿತ್ರದ ಹೊಣೆಯನ್ನು ಅವರ ಮೇಲೆ ಹೊರಿಸಬಹುದೇ?

ಉತ್ತರ 1:
ತೀರ್ಪಿಗೆ ಮೊದಲು ಅವರ ಕಲೆಯನ್ನು ನೋಡೋಣ. 1897ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿ, ವೈದ್ಯಕೀಯ ಓದುತ್ತಿದ್ದ ಗೆರೋನ್ ಮೊದಲ ಮಹಾಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡು, ಆನಂತರ ರಂಗಕ್ಕೆ ಬಂದವರು. 1928ರ ಆಗಸ್ಟ್ 31ರಂದು ನಾಟಕಕಾರ ಬ್ರೆಖ್ಟ್ ಮತ್ತು ಸಂಗೀತಕಾರ ವೈಲ್ ಅವರ 'ತ್ರೀಪೆನ್ನಿ ಒಪೆರಾ' ಬರ್ಲಿನ್‌ನಲ್ಲಿ ಮೊದಲ ಬಾರಿ ರಂಗವೇರಿದಾಗ, ಪೊಲೀಸ್ ಮುಖ್ಯಸ್ಥ ಬ್ರೌನ್ ಆಗಿ ನಟಿಸಿದವರೂ, ಬೀದಿಗಾಯಕನಾಗಿ, ನಾಟಕದ ಕೊಲೆಗಾರ ಮ್ಯಾಕಿಯ ಚೂರಿಯ ಹಾಡನ್ನು ('ಮ್ಯಾಕ್ ದ ನೈಫ್') ಹಾಡಿದವರೂ ಇವರೇ. ಆ ಹಾಡು ಮುಂದೆ ಜಗತ್ತನ್ನೆಲ್ಲ ಸುತ್ತಿತು. ಅದಕ್ಕೆ ಮೊದಲು ಕಂಠ ಕೊಟ್ಟವರ ಹೆಸರು ಮಾತ್ರ ಮರೆಗೆ ಸರಿದದ್ದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಉತ್ತರ 2:
ಹೊಣೆಯ ಪ್ರಶ್ನೆಗೆ ಬರುತ್ತೇನೆ. 1933ರ ಏಪ್ರಿಲ್ 1ರಂದು ಊಫಾ ಸ್ಟುಡಿಯೋದಲ್ಲಿ ತಾವೇ ನಿರ್ದೇಶಿಸುತ್ತಿದ್ದ ಚಿತ್ರದ ಸೆಟ್ಟಿನಿಂದ ಯಹೂದಿ ಎಂಬ ಕಾರಣಕ್ಕೆ ಹೊರಗಟ್ಟಲ್ಪಟ್ಟ ಗೆರೋನ್ ಪ್ಯಾರಿಸ್‌ಗೂ ಅಲ್ಲಿಂದ ಹಾಲೆಂಡಿಗೂ ಹೋದರು. ಜರ್ಮನ್ ಸೇನೆ ಅಲ್ಲಿಗೂ ಬಂದ ಮೇಲೆ ವೆಸ್ಟರ್‌ಬೋರ್ಕ್ ಶಿಬಿರವನ್ನು, ಕೊನೆಗೆ ಟೆರೇಸಿಯನ್‌ಸ್ಟಾಟನ್ನು ಕಂಡರು. ಅಲ್ಲಿ 'ಕರುಸೆಲ್' ಎಂಬ, ಹಾಡು ಹಾಸ್ಯಗಳ ಕ್ಯಾಬರೆಯನ್ನು ಕಟ್ಟಿ ಸಹಬಂದಿಗಳ ಮುಂದೆ ಮತ್ತೆ ಹಾಡಿದರು. ಚಿತ್ರ ಮಾಡುವಂತೆ ಆಜ್ಞೆಯಾದದ್ದು ಇಂತಹ ಬಂದಿಗೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಚಿತ್ರೀಕರಣ ನಡೆದದ್ದು ನಾಜಿ ಪಡೆಯಾದ ಎಸ್‌ಎಸ್‌ನ ಕಾವಲಿನಲ್ಲಿ; ಸಂಕಲನವನ್ನು ಅವರ ಕೈಗೆ ಕೊಡಲೇ ಇಲ್ಲ. ಅಕ್ಟೋಬರ್ 28ರ ರೈಲಿನಲ್ಲಿ ಪತ್ನಿ ಓಲ್ಗಾ ಅವರೊಂದಿಗೆ ಆಶ್ವಿಟ್ಸ್ ಕೊಲೆಶಿಬಿರಕ್ಕೆ ಕಳುಹಿಸಿ ಕೊಂದರು. ಟೆರೇಸಿಯನ್‌ಸ್ಟಾಟ್‌ನಿಂದ ಅಲ್ಲಿಗೆ ಹೊರಟ ಕೊನೆಯ ರೈಲು ಅದು. ಒಪ್ಪಿಗೆ ಎಂಬ ಮಾತಿಗೆ ಇಲ್ಲಿ ಅರ್ಥವೇ ಇಲ್ಲ ಎಂದು ನಾನು ತಿಳಿಯುತ್ತೇನೆ.

ಉತ್ತರ 3:
ಮೇಲಿನ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೂ ಬದುಕುಳಿದವರಲ್ಲಿ ಕೆಲವರು, ಗೆರೋನ್ ಆ ಕೆಲಸದಲ್ಲಿ ತೋರಿದ ಉತ್ಸಾಹವನ್ನು ಕ್ಷಮಿಸಲಿಲ್ಲ ಎಂಬುದನ್ನು ನಾವು ಬದಿಗೆ ಸರಿಸಬಾರದು. ಅವರ ಜೊತೆ ಆ ಬೇಲಿಯೊಳಗೆ ಇದ್ದವರಿಗೆ ಆ ಹಕ್ಕಿದೆ. ಹೊರಗಿನಿಂದ ನೋಡುವ ನಮಗಿಲ್ಲ. ನಾನಂತೂ 1930ರ ಧ್ವನಿಮುದ್ರಣದಲ್ಲಿ ಅವರೇ ಹಾಡಿರುವ ಚೂರಿಯ ಹಾಡನ್ನು ಕೇಳುತ್ತೇನೆ. ಕೊಲೆಗಳನ್ನು ಒಂದೊಂದಾಗಿ ಎಣಿಸುವಾಗಲೂ ಅವರು ದನಿಯನ್ನು ಏರಿಸುವುದಿಲ್ಲ.